ಮೈಸೂರು ಪಾಕ್ ಹಿಡಿದು ತ್ರಿತ್ವವನ್ನು ವಿವರಿಸಲು ಹೊರಟವರಿಗೆ

ಪವಿತ್ರಾತ್ಮ ಇಳಿದುಬಂದದ್ದನ್ನು ನೆನೆಯುವ ಪೆಂತೆಕೋಸ್ತ್ ಹಬ್ಬದ ಮರುವಾರ ಪವಿತ್ರ ತ್ರಿತ್ವದ, ಅಂದರೆ ಪಿತ, ಸುತ (ಯೇಸು), ಪವಿತ್ರಾತ್ಮ ಮೂವರೂ ಒಬ್ಬರೇ ದೇವರು ಎಂಬ ನಮ್ಮ ಕ್ರೈಸ್ತ ನಂಬಿಕೆಯ, ಹಬ್ಬ ಬರುತ್ತದೆ. ಪಶ್ಚಿಮದ ಧರ್ಮಸಭೆಯೆಲ್ಲ ಇದನ್ನು ಆಚರಿಸತಕ್ಕದ್ದೆಂದು ಪೋಪ್ ಇಪ್ಪತ್ತೆರಡನೆಯ ಜಾನ್ 1334ರಲ್ಲಿ ಗೊತ್ತುಮಾಡಿದರು. ಆ ಭಾನುವಾರ ಪ್ರಬೋಧನೆ ಮಾಡಬೇಕಾದ ಗುರುಗಳ ಎದೆಬಡಿತ ಅಂದು ಏರಿದ್ದು ಇನ್ನೂ ಇಳಿದಂತಿಲ್ಲ. ಗುರುಗಳಿಗಾದರೂ "ಇದು ನಮ್ಮ ಬುದ್ಧಿಗೆ ನಿಲುಕದ ರಹಸ್ಯ" ಎಂದು ಹೇಳಿ, ಎಲ್ಲರನ್ನೂ ಎದ್ದು ನಿಲ್ಲಿಸಿ, ವಿಶ್ವಾಸ ಪ್ರಮಾಣಕ್ಕೆ ದಾಟಿಬಿಡುವ ಅನುಕೂಲವಿದೆ. ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಶೀಟು ಹೊದಿಸಿದ ಕೋಣೆಯಲ್ಲಿ ಇಪ್ಪತ್ತೈದು ಮಕ್ಕಳನ್ನು ಎದುರಿಗೆ ಕೂರಿಸಿಕೊಳ್ಳುವ ಧರ್ಮೋಪದೇಶದ ಟೀಚರಿಗೆ ಆ ಅನುಕೂಲವಿಲ್ಲ. ಮೈಸೂರಿನಲ್ಲಿ ಆ ಹೊತ್ತಿಗೆ ಶಾಲೆಗಳು ಆಗಷ್ಟೇ ತೆರೆದಿರುತ್ತವೆ ಅಥವಾ ಇನ್ನೇನು ತೆರೆಯುವುದರಲ್ಲಿರುತ್ತವೆ. ರಜೆಯಲ್ಲಿ ಮೈ ತುಂಬಿಕೊಂಡ ಮಕ್ಕಳು ಪ್ರಶ್ನೆಗಳನ್ನೂ ತುಂಬಿಕೊಂಡು ಬಂದಿರುತ್ತಾರೆ.

ಆಗ ಟೀಚರ ಕೈ ತಾನಾಗಿಯೇ ಯಾವುದಾದರೊಂದು ವಸ್ತುವಿನ ಕಡೆಗೆ ಹೋಗುತ್ತದೆ. ನಾನು ಹದಿನಾಲ್ಕು ವರ್ಷಗಳಿಂದ ಈ ತರಗತಿ ತೆಗೆದುಕೊಳ್ಳುತ್ತಿದ್ದೇನೆ. ಈ ಅವಧಿಯಲ್ಲಿ ಮೊಟ್ಟೆ, ಮಂಜುಗಡ್ಡೆ, ಬಾಳೆಹಣ್ಣು, ಮೈಸೂರು ಪಾಕ್, ಎಲೆ ಅಡಿಕೆ, ಒಮ್ಮೆ ಭಾವಮೈದುನನ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ, ಇಷ್ಟನ್ನೂ ಹಿಡಿದು ತ್ರಿಯೇಕ ದೇವರನ್ನು ವಿವರಿಸಿದ್ದೇನೆ. ಪ್ರತಿ ಸಲವೂ, ಪವಿತ್ರ ಧರ್ಮಸಭೆ ನೂರಾರು ವರ್ಷಗಳ ಹಿಂದೆಯೇ ಹೊರಗಟ್ಟಿದ ಯಾವುದಾದರೊಂದು ದುರ್ಬೋಧೆಯನ್ನು ನಮ್ಮ ಬೀದಿಯ ಮಕ್ಕಳಿಗೆ ಹೊಸದಾಗಿ, ಶ್ರದ್ಧೆಯಿಂದ, ಸಿಹಿ ಹಂಚಿ ಕಲಿಸಿದ್ದೇನೆ. ಹಾಗಾಗಿ ಯಾವ ವಸ್ತುವಿನಿಂದ ಎಂಥ ಅನಾಹುತ ಆಗುತ್ತದೆ ಎಂಬುದರಲ್ಲಿ ನನಗೆ ಕೊಂಚ ಅನುಭವವಿದೆ ಎಂದು ಸಂಕೋಚವಿಲ್ಲದೆ ಹೇಳಬಲ್ಲೆ.

ಚೀಲಕ್ಕೆ ಏನನ್ನಾದರೂ ಹಾಕಿಕೊಳ್ಳುವ ಮುನ್ನ

ಮೊದಲು ಮೂರು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಳ್ಳಬೇಕು. ದೇವರು ಒಬ್ಬರೇ. ಪಿತ ದೇವರು, ಸುತ ದೇವರು, ಪವಿತ್ರಾತ್ಮ ದೇವರು. ಪಿತ ಸುತನಲ್ಲ, ಸುತ ಪವಿತ್ರಾತ್ಮನಲ್ಲ, ಪವಿತ್ರಾತ್ಮ ಪಿತನಲ್ಲ. 325ರಲ್ಲಿ ನೈಸಿಯಾದಲ್ಲೂ 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲೂ ಸೇರಿದ ಮಹಾಸಭೆಗಳಲ್ಲಿ ಬಿಷಪರು ತಲೆ ಕೆಡಿಸಿಕೊಂಡದ್ದು ಈ ಮೂರನ್ನೂ ಏಕಕಾಲದಲ್ಲಿ ಹೇಳುವುದು ಹೇಗೆಂದು. ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್, ಸುತ ಇಲ್ಲದಿದ್ದ ಕಾಲವೂ ಒಂದಿತ್ತು ಎಂದು ಬೋಧಿಸಿ ಎರಡನೆಯ ವಾಕ್ಯವನ್ನು ಅಲುಗಾಡಿಸಿದ. ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸಲು ಹೆಣಗಿದ ಸಂತ ಅಥನೇಷಿಯಸ್ ಐದು ಬಾರಿ ಗಡಿಪಾರಾಗಿ, ತಮ್ಮ 45 ವರ್ಷಗಳ ಬಿಷಪಗಿರಿಯಲ್ಲಿ ಸುಮಾರು 17 ವರ್ಷಗಳನ್ನು ಊರ ಹೊರಗೇ ಕಳೆದರು. ನಮ್ಮನ್ನು ಯಾರೂ ಗಡಿಪಾರು ಮಾಡುವುದಿಲ್ಲ, ಹೆಚ್ಚೆಂದರೆ ಕ್ರಿಸ್‌ಮಸ್ ನಾಟಕದ ಉಸ್ತುವಾರಿಗೆ ಹಾಕುತ್ತಾರೆ. ಆದರೂ ವಾಕ್ಯಗಳು ಮೂರೂ ಬೇಕು. ಮೂರು ಕಲ್ಲಿನ ಒಲೆಯ ಹಾಗೆ, ಒಂದನ್ನು ತೆಗೆದರೆ ಸಾರಿನ ಪಾತ್ರೆ ಮಗುಚುತ್ತದೆ. (ಇದು ವಾಕ್ಯಗಳ ಬಗ್ಗೆ ಹೇಳಿದ ಮಾತು. ಒಲೆಯನ್ನೇ ತರಗತಿಗೆ ಹೊತ್ತುಕೊಂಡು ಹೋಗಬೇಡಿ.)

ಕರಿಹಲಗೆಯಿದ್ದರೆ ಮಧ್ಯಯುಗದ ಯುರೋಪಿನವರು ಗುರಾಣಿಯ ಆಕಾರದಲ್ಲಿ ಬರೆಯುತ್ತಿದ್ದ ಒಂದು ನಕ್ಷೆಯನ್ನು ಬರೆದಿಡಿ. ತ್ರಿಕೋನದ ಮೂರು ಮೂಲೆಗಳಲ್ಲಿ ಪಿತ, ಸುತ, ಪವಿತ್ರಾತ್ಮ, ನಟ್ಟನಡುವೆ ದೇವರು. ಮೂಲೆಯಿಂದ ನಡುವಿಗೆ ಬರುವ ಗೆರೆಗಳ ಮೇಲೆ "ಹೌದು", ಮೂಲೆಯಿಂದ ಮೂಲೆಗೆ ಹೋಗುವ ಗೆರೆಗಳ ಮೇಲೆ "ಅಲ್ಲ". ಮೂರು ಹೌದು, ಮೂರು ಅಲ್ಲ. ಇದು ಯಾವುದನ್ನೂ ವಿವರಿಸುವುದಿಲ್ಲ, ನಾವು ಎಲ್ಲಿ ಎಡವಿದೆವೆಂದು ಮಾತ್ರ ತೋರಿಸುತ್ತದೆ; ಟೀಚರಿಗೆ ಬೇಕಾಗಿರುವುದೂ ಅಷ್ಟೇ. ಮುಂದೆ ಯಾವ ವಸ್ತುವನ್ನು ಮೇಜಿನ ಮೇಲಿಟ್ಟರೂ ಅದು ಈ ನಕ್ಷೆಯ ಯಾವ ಗೆರೆಯನ್ನು ಅಳಿಸುತ್ತದೆ ಎಂಬುದನ್ನು ಮಕ್ಕಳಿಂದಲೇ ಹುಡುಕಿಸಬೇಕು. ನಾನು ಕೊಡಬಲ್ಲ ವಿಧಾನ ಇದೊಂದೇ: ವಸ್ತುವನ್ನು ತರುವುದು ಒಡೆಯುವುದಕ್ಕಾಗಿ.

"ವ್ಯಕ್ತಿ" ಎಂಬ ಪದದ ಬಗ್ಗೆಯೂ ಒಂದು ಮಾತು. ಒಬ್ಬ ದೇವರಲ್ಲಿ ಮೂವರು ವ್ಯಕ್ತಿಗಳು ಎಂದೊಡನೆ ಮಕ್ಕಳ ಕಣ್ಣಿಗೆ ಸಿಟಿ ಬಸ್ಸಿನ ಮೂವರ ಸೀಟಿನಲ್ಲಿ ಒತ್ತಿಕೊಂಡು ಕುಳಿತ ಗಡ್ಡದ ಹಿರಿಯರು ಕಾಣುತ್ತಾರೆ. ಇದು ಕನ್ನಡದ ಬಡತನವಲ್ಲ; ಲ್ಯಾಟಿನ್ನಿನ "ಪೆರ್ಸೋನ" ಎಂಬ ಪದವೇ ನಾಟಕದ ಮುಖವಾಡದಿಂದ ಬಂದದ್ದು, ಅದನ್ನು ಗ್ರೀಕರು ಗುಮಾನಿಯಿಂದಲೇ ನೋಡಿದರು. 17ನೆಯ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಮಿಯವರಿಂದ ಹಿಡಿದು ಈ ಸೀಮೆಯಲ್ಲಿ ಧರ್ಮೋಪದೇಶ ಕಲಿಸಿದವರೆಲ್ಲರೂ ಈ ಪದದ ಹೊಸ್ತಿಲಲ್ಲಿ ಒಂದು ಕ್ಷಣ ನಿಂತಿರಲೇಬೇಕು. ನೀವೂ ನಿಲ್ಲಿ, ಆದರೆ ಮಕ್ಕಳಿಗೆ ಗೊತ್ತಾಗುವಷ್ಟು ಹೊತ್ತು ಬೇಡ.

ಮೈಸೂರು ಪಾಕ್, ಬಾಳೆಹಣ್ಣು, ಮೊಟ್ಟೆ

ಅರಮನೆಯ ಅಡುಗೆಯವರಾದ ಕಾಕಾಸುರ ಮಾದಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮಾಡಿದ ತಿಂಡಿ ಮೈಸೂರು ಪಾಕ್ ಎಂಬುದು ನಮ್ಮೂರಿನ ಮಕ್ಕಳಿಗೆಲ್ಲ ಗೊತ್ತು. ಕಡಲೆಹಿಟ್ಟು, ಸಕ್ಕರೆ, ತುಪ್ಪ. ಮೂರು ಪದಾರ್ಥ, ಒಂದು ತಿಂಡಿ. ಇದಕ್ಕಿಂತ ಒಳ್ಳೆಯ ಉದಾಹರಣೆ ಜಗತ್ತಿನಲ್ಲೇ ಇಲ್ಲವೆಂದು ನನ್ನ ಎರಡನೆಯ ವರ್ಷದಲ್ಲಿ ನನಗೆ ದೃಢವಾಗಿ ಅನ್ನಿಸಿತ್ತು. ಮೂರು ಸ್ಟೀಲ್ ಡಬ್ಬಿಗಳಲ್ಲಿ ಮೂರು ಪದಾರ್ಥಗಳನ್ನೂ ನಾಲ್ಕನೆಯದರಲ್ಲಿ ಅರ್ಧ ಕೆಜಿ ಪಾಕನ್ನೂ ತೆಗೆದುಕೊಂಡು ಹೋದೆ. ಡಬ್ಬಿಗಳ ಮುಚ್ಚಳವನ್ನು ಒಂದೊಂದಾಗಿ ತೆರೆಯುತ್ತ, ಸ್ವರವನ್ನು ಏರಿಸುತ್ತ, ಕೊನೆಯ ಮುಚ್ಚಳ ತೆಗೆದಾಗ ತುಪ್ಪದ ಘಮ ಇಡೀ ಕೋಣೆಗೆ ಹರಡಿತು. ಆಗ ಮುಂದಿನ ಸಾಲಿನ ಹುಡುಗನೊಬ್ಬ ಕೈ ಎತ್ತಿದ.

"ಟೀಚರ್, ಹಂಗಾದ್ರೆ ಇದ್ರಲ್ಲಿ ತುಪ್ಪ ಯಾರು?"

ನಾನು ಏನೋ ಹೇಳಬೇಕೆಂದು ಪವಿತ್ರಾತ್ಮನೆಂದೆ. ಎಲ್ಲದರೊಳಗೂ ಹರಡಿಕೊಂಡಿರುವುದರಿಂದ ಎಂಬ ಸಮರ್ಥನೆಯನ್ನೂ ಸೇರಿಸಿದೆ. ತಕ್ಷಣ ಅವನ ಪಕ್ಕದ ಹುಡುಗಿ, ಅವಳ ಅಮ್ಮ ಹಬ್ಬಕ್ಕೆ ಮನೆಯಲ್ಲೇ ಪಾಕ್ ಮಾಡುವವರು, "ನಮ್ಮನೇಲಿ ತುಪ್ಪ ಕಮ್ಮಿ ಹಾಕ್ತಾರೆ, ಅರ್ಧ ಡಾಲ್ಡಾ" ಎಂದಳು. ಆ ದಿನ ತರಗತಿಯಲ್ಲಿ ಡಾಲ್ಡಾ ಯಾರೆಂಬ ಪ್ರಶ್ನೆ ಎದ್ದಿತು. ಮಕ್ಕಳು ಒಟ್ಟಾಗಿ ಒಂದು ನಿರ್ಣಯಕ್ಕೆ ಬಂದರು, ಅದು ಸೈತಾನ. ದೇವಶಾಸ್ತ್ರದ ದೃಷ್ಟಿಯಿಂದ ಅಂದು ನಡೆದ ಚರ್ಚೆಯಲ್ಲಿ ಕಾಲ ಮೇಲೆ ನಿಂತದ್ದು ಅದೊಂದೇ.

ತಪ್ಪು ಎಲ್ಲಿತ್ತೆಂದರೆ, ಬರಿಯ ಕಡಲೆಹಿಟ್ಟು ಮೈಸೂರು ಪಾಕ್ ಅಲ್ಲ. ಮೂರು ಪದಾರ್ಥಗಳು ಸೇರಿದಾಗಲೇ ಅದು ಪಾಕ್. ಒಂದೊಂದೂ ಅದರ ಮೂರನೆಯ ಒಂದು ಭಾಗ. ಸುತ ಹಾಗಲ್ಲ. ದೈವತ್ವದ ಸಂಪೂರ್ಣತೆ ಯೇಸುಕ್ರಿಸ್ತನಲ್ಲಿ ನೆಲೆಸಿದೆ ಎಂದು ಕೊಲೊಸ್ಸೆಯವರಿಗೆ ಬರೆದ ಪತ್ರದ 2ನೆಯ ಅಧ್ಯಾಯ ಹೇಳುತ್ತದೆಯೇ ಹೊರತು, ಮೂರರಲ್ಲೊಂದು ಪಾಲು ನೆಲೆಸಿದೆ ಎಂದು ಹೇಳುವುದಿಲ್ಲ. ನಕ್ಷೆಯಲ್ಲಿ ನೋಡಿದರೆ ನಡುವಿಗೆ ಬರುವ ಮೂರೂ "ಹೌದು"ಗಳನ್ನು ಪಾಕ್ ಒಂದೇ ಏಟಿಗೆ ಅಳಿಸಿಹಾಕುತ್ತದೆ.

ಇದೇ ತಪ್ಪನ್ನು ಇನ್ನಷ್ಟು ಅಚ್ಚುಕಟ್ಟಾಗಿ ಮಾಡಬೇಕೆಂದಿದ್ದರೆ ಬಾಳೆಹಣ್ಣು ಉತ್ತಮ. ಸಿಪ್ಪೆ ಸುಲಿದ ಹಣ್ಣಿನ ತುದಿಗೆ ಹೆಬ್ಬೆರಳನ್ನಿಟ್ಟು ನಿಧಾನವಾಗಿ ಒತ್ತಿದರೆ ಅದು ಉದ್ದಕ್ಕೂ ಬಿರಿದು ಮೂರು ಹೋಳುಗಳಾಗಿ ತೆರೆದುಕೊಳ್ಳುತ್ತದೆ. ಕತ್ತರಿಸುವುದು ಬೇಡ, ಬಾಳೆಯ ಕಾಯಿ ಮೂರು ಭಾಗಗಳು ಕೂಡಿಯೇ ಬೆಳೆಯುವಂಥದ್ದು, ಹಾಗಾಗಿ ಆ ಸೇರುವೆಗಳಲ್ಲೇ ಬಿಟ್ಟುಕೊಳ್ಳುತ್ತದೆ. ಎಂದೂ ಇದನ್ನು ಕಂಡಿಲ್ಲದ ಮಕ್ಕಳು ಬಾಯಿ ತೆರೆದು ನೋಡುತ್ತಾರೆ. ಅಷ್ಟೇನೂ ಮೆತ್ತಗಾಗಿರದ ಪಚ್ಚಬಾಳೆಯನ್ನು ತೆಗೆದುಕೊಳ್ಳಿ. ನಂಜನಗೂಡು ರಸಬಾಳೆ ಬೇಡ. ಅದು ಸಿಗುವುದೇ ಅಪರೂಪ, ಸಿಕ್ಕಾಗ ಅದರಿಂದ ಪಾಠ ಮಾಡುವುದು ಹಣ್ಣಿಗೆ ಮಾಡುವ ಅವಮಾನ. ನಾನು ಈ ಪ್ರಯೋಗ ಮಾಡಿದ ದಿನ ಒಂದು ಹೋಳು ಯಾರದೋ ಬಾಯಿಗೆ ಹೋಗಿ, ಹಿಂದಿನ ಸಾಲಿನಿಂದ "ಟೀಚರ್, ಈಗ ದೇವ್ರು ಎಷ್ಟು ಉಳಿದ್ರು?" ಎಂಬ ಪ್ರಶ್ನೆ ಬಂತು. ಆ ಪ್ರಶ್ನೆ ಕೇಳಿಸಿತೆಂದರೆ ಪಾಠ ಸರಿಯಾದ ದಾರಿಯಲ್ಲಿದೆ ಎಂದರ್ಥ. ದೇವರನ್ನು ಹೋಳು ಮಾಡಲಾಗದು ಎಂಬುದನ್ನು ನಾಲ್ಕು ಪುಟದ ಟಿಪ್ಪಣಿಗಿಂತ ಆ ಕಾಣೆಯಾದ ಹೋಳು ಚೆನ್ನಾಗಿ ಕಲಿಸುತ್ತದೆ.

ಮೊಟ್ಟೆಯ ಸಿಪ್ಪೆ, ಬಿಳಿ, ಹಳದಿಯ ಉದಾಹರಣೆಯಲ್ಲಿ ಹೊಸದೇನೂ ಇಲ್ಲ. ಸಿಪ್ಪೆ ಯಾರೆಂದು ಕೇಳಿದಾಗ ಉತ್ತರಿಸುವ ಧೈರ್ಯ ಇದ್ದವರು ಮುಂದುವರಿಯಬಹುದು.

ನೀರು, ಮಂಜುಗಡ್ಡೆ, ಹಬೆ

ಇದು ಎಲ್ಲ ಟೀಚರುಗಳ ಪ್ರೀತಿಯ ಉದಾಹರಣೆ, ಏಕೆಂದರೆ ವಿಜ್ಞಾನದ ಪಾಠದ ಹಾಗೆ ಕಾಣುತ್ತದೆ. ಒಂದೇ ನೀರು ಗಟ್ಟಿಯಾಗಿ, ದ್ರವವಾಗಿ, ಆವಿಯಾಗಿ ಇರಬಲ್ಲದು. ತೊಂದರೆಯೆಂದರೆ ಮಂಜುಗಡ್ಡೆಯಾಗಿರುವಾಗ ಅದು ಹಬೆಯಲ್ಲ. ಒಂದು ವೇಷ ಕಳಚಿದ ಮೇಲೆ ಇನ್ನೊಂದು ವೇಷ. ಮೂರನೆಯ ಶತಮಾನದ ಸಬೇಲಿಯಸ್‌ನ ಹೆಸರಿಗೆ ಅಂಟಿಕೊಂಡಿರುವ ದುರ್ಬೋಧೆ ಇದೇ: ದೇವರೊಬ್ಬರೇ ಒಮ್ಮೆ ಪಿತನಾಗಿ, ಒಮ್ಮೆ ಸುತನಾಗಿ, ಒಮ್ಮೆ ಆತ್ಮನಾಗಿ ಬರುತ್ತಾರೆ ಎಂಬುದು. "ನಾನು ನಿಮಗೆ ಟೀಚರು, ಮನೆಯಲ್ಲಿ ಅಮ್ಮ, ನಮ್ಮಪ್ಪನಿಗೆ ಮಗಳು, ಆದರೂ ಒಬ್ಬಳೇ" ಎಂಬ ಉದಾಹರಣೆಯೂ ಇದೇ ಗುಂಡಿಗೆ ಬೀಳುತ್ತದೆ. ಮತ್ತಾಯನ ಶುಭಸಂದೇಶದ 3ನೆಯ ಅಧ್ಯಾಯವನ್ನು ಓದಿಸಿ. ಸುತ ಜೋರ್ಡನ್ ನದಿಯ ನೀರಿನಿಂದ ಮೇಲಕ್ಕೆ ಬರುತ್ತಿದ್ದಾರೆ, ಪವಿತ್ರಾತ್ಮ ಪಾರಿವಾಳದಂತೆ ಇಳಿಯುತ್ತಿದ್ದಾರೆ, ಪಿತನ ಧ್ವನಿ ಸ್ವರ್ಗದಿಂದ ಕೇಳಿಸುತ್ತಿದೆ. ಮೂವರೂ ಒಂದೇ ಹೊತ್ತಿನಲ್ಲಿ. ನಾನು ಒಬ್ಬಳೇ ಟೀಚರೂ ಅಮ್ಮನೂ ಮಗಳೂ ಆಗಿ, ನೀರಿನಲ್ಲಿ ನಿಂತು, ಮೇಲಿನಿಂದ ನನ್ನನ್ನೇ ಹೊಗಳಿಕೊಂಡರೆ ನೋಡಿದವರು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗುತ್ತಾರೆ ಎಂದು ಹೇಳಿದಾಗ ಮಕ್ಕಳಿಗೆ ವಿಷಯ ಸಲೀಸಾಗಿ ತಿಳಿಯಿತು.

ಪ್ರತಿ ಬ್ಯಾಚಿನಲ್ಲೂ ಒಬ್ಬ ಪಿಯುಸಿ ವಿಜ್ಞಾನದ ಹುಡುಗ ತಮ್ಮನನ್ನು ಕರೆದುಕೊಂಡು ಹೋಗಲು ಬಂದು ಬಾಗಿಲಲ್ಲಿ ನಿಂತಿರುತ್ತಾನೆ. 0.01 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಸುಮಾರು 611 ಪಾಸ್ಕಲ್ ಒತ್ತಡದಲ್ಲಿ ನೀರು, ಮಂಜು, ಹಬೆ ಮೂರೂ ಒಟ್ಟಿಗೆ ಇರುತ್ತವಲ್ಲ ಎಂದು ಅವನು ಕೇಳಿಯೇ ಕೇಳುತ್ತಾನೆ. ಅವನನ್ನು ಮೆಚ್ಚಿಕೊಳ್ಳಿ, ಒಳಗೆ ಕರೆದು ಕೂರಿಸಿ, ಆ ಪಾತ್ರೆಯೊಳಗೆ ಹಬೆಯಾಗಿರುವ ಹನಿಯೇ ಅದೇ ಕ್ಷಣದಲ್ಲಿ ಮಂಜೂ ಆಗಿರುತ್ತದೆಯೇ ಎಂದು ಮರಳಿ ಕೇಳಿ. ಇಲ್ಲ, ಒಂದಷ್ಟು ನೀರು ಹಬೆ, ಇನ್ನಷ್ಟು ನೀರು ಮಂಜು. ಅಂದರೆ ಸಬೇಲಿಯಸ್‌ನಿಂದ ತಪ್ಪಿಸಿಕೊಂಡವನು ನೇರವಾಗಿ ಬಾಳೆಹಣ್ಣಿನ ಮೇಲೆ ಕಾಲಿಟ್ಟು ಜಾರಿದ.

ತಲಕಾವೇರಿ, ಕನ್ನಂಬಾಡಿ, ವಿ.ಸಿ. ನಾಲೆ

ಮಂಡ್ಯ ಕಡೆಯವರಿಗೆ ಹೇಳಿ ಮಾಡಿಸಿದ ಉದಾಹರಣೆಯೊಂದನ್ನು ಉತ್ತರ ಆಫ್ರಿಕದ ಕಾರ್ತೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಮೂರನೆಯ ಶತಮಾನದ ಆರಂಭದಲ್ಲೇ ಕೊಟ್ಟಿದ್ದಾನೆ. ಲ್ಯಾಟಿನ್ನಿನಲ್ಲಿ "ತ್ರಿನಿತಾಸ್" ಎಂಬ ಪದವನ್ನು ಈ ಅರ್ಥದಲ್ಲಿ ಚಲಾವಣೆಗೆ ತಂದವನೂ ಅವನೇ. ಬೇರು, ಚಿಗುರು, ಹಣ್ಣು. ಸೂರ್ಯ, ಕಿರಣ, ಕಿರಣದ ತುದಿ. ಚಿಲುಮೆ, ನದಿ, ನಾಲೆ, ಇವು ಅವನ ಉದಾಹರಣೆಗಳು. ಮೂರನೆಯದನ್ನು ಓದಿದಾಗ ಈ ಮನುಷ್ಯ ಪಾಂಡವಪುರದವನೇ ಇರಬೇಕೆಂದು ನನಗೆ ಅನ್ನಿಸಿತ್ತು. ತಲಕಾವೇರಿಯ ಕುಂಡಿಕೆ, ಅಲ್ಲಿಂದ ಬಂದು ಕನ್ನಂಬಾಡಿ ಕಟ್ಟೆಯಲ್ಲಿ ನಿಲ್ಲುವ ಕಾವೇರಿ, ಕಟ್ಟೆಯಿಂದ ಹೊರಟು ಗದ್ದೆಗೆ ಬರುವ ವಿಶ್ವೇಶ್ವರಯ್ಯ ನಾಲೆ, ಒಂದೇ ನೀರು. ನಾಲೆಯ ನೀರನ್ನು ಯಾರೂ ಎರಡನೆಯ ದರ್ಜೆಯ ಕಾವೇರಿ ಎನ್ನುವುದಿಲ್ಲ.

ಇದನ್ನು ನಾನು ತವರಿನ ಕಡೆಯ ಒಂದು ಹಳ್ಳಿಯ ಪ್ರಾರ್ಥನಾ ಕೂಟದಲ್ಲಿ ಹೇಳಿದೆ. ಊರು ಮದ್ದೂರು ತಾಲ್ಲೂಕಿನದು, ನಾಲೆಯ ಕೊನೆಯ ಭಾಗ. ಹಿರಿಯ ರೈತರೊಬ್ಬರು ಟವೆಲನ್ನು ಹೆಗಲ ಮೇಲಿಂದ ತೆಗೆದು ತೊಡೆಯ ಮೇಲೆ ಹಾಕಿಕೊಂಡು ಕೇಳಿದರು: "ಅಲ್ಲ ಕಣವ್ವ, ಕಟ್ಟೆ 124 ಅಡಿ ತುಂಬುದ್ರೂ ನಮ್ಗೆ ಬರೋದು ಎಲ್ರದ್ದೂ ಆಗಿ ಉಳುದ್ಮೇಲೆ. ಪವಿತ್ರಾತ್ಮರೂ ಹಂಗೇಯಾ?"

ಈ ಉದಾಹರಣೆಯಲ್ಲಿ ಅಡಗಿರುವ ಅಪಾಯವನ್ನು ಅದಕ್ಕಿಂತ ಚುರುಕಾಗಿ ಹೇಳಿದವರನ್ನು ನಾನು ಕಂಡಿಲ್ಲ. ಚಿಲುಮೆಯಿಂದ ದೂರ ಹೋದಷ್ಟೂ ನೀರು ಇಳಿಯುತ್ತದೆ. ಪಿತನಿಂದ ಸುತನಿಗೆ, ಅಲ್ಲಿಂದ ಪವಿತ್ರಾತ್ಮನಿಗೆ ದೈವತ್ವ ಸೋರಿಕೆ ಕಳೆದು ತಲುಪುತ್ತದೆ ಎಂಬ ಭಾವನೆ ಕೇಳುವವರಲ್ಲಿ ಉಳಿದುಬಿಡುತ್ತದೆ. ಏರಿಯಸ್‌ಗೆ ಇದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ. ನಾಲ್ಕನೆಯ ಶತಮಾನದ ನಾಜಿಯಾನ್ಸಸ್‌ನ ಗ್ರೆಗೊರಿಯವರು ಪವಿತ್ರಾತ್ಮರನ್ನು ಕುರಿತ ತಮ್ಮ ಭಾಷಣದ ಕೊನೆಯಲ್ಲಿ ಚಿಲುಮೆ ಮತ್ತು ನದಿಯ ಹೋಲಿಕೆಯನ್ನು ಕೈಗೆತ್ತಿಕೊಂಡು, ದೈವತ್ವವನ್ನು ನಿಲುಗಡೆಯಿಲ್ಲದೆ ಹರಿಯುವ ವಸ್ತುವನ್ನಾಗಿ ಮಾಡಿದಂತಾಗುತ್ತದೆಂದು ಅಂಜಿ ಕೆಳಗಿಟ್ಟರು. ಸೂರ್ಯನನ್ನೂ ಕಿರಣವನ್ನೂ ಎತ್ತಿ ನೋಡಿ, ಅದನ್ನೂ ಕೆಳಗಿಟ್ಟರು. ಕೊನೆಗೆ ಹೋಲಿಕೆಗಳ ಸಹವಾಸವೇ ಬೇಡವೆಂದರು. ಆ ಮಟ್ಟದ ದೇವಶಾಸ್ತ್ರಿಗಳು ಸೋತ ಕಡೆ ನನ್ನಂಥವಳು ಸೋತದ್ದರಲ್ಲಿ ಅವಮಾನವಿಲ್ಲ ಎಂದು ಬಸ್ಸಿನಲ್ಲಿ ವಾಪಸು ಬರುವಾಗ ಸಮಾಧಾನ ಮಾಡಿಕೊಂಡೆ. ಆ ರೈತರಿಗೆ ಅಂದು ಹೇಳಿದ್ದು ಇಷ್ಟೇ: ದೇವರಲ್ಲಿ ಕಟ್ಟು ಪದ್ಧತಿ ಇಲ್ಲ, ಸರದಿಯ ಮೇಲೆ ನೀರು ಬಿಡುವುದೂ ಇಲ್ಲ, ಕೊನೆಯ ಭಾಗವೂ ಇಲ್ಲ. ಅವರು ನಂಬಿದರು, ಆದರೆ ಹೊಟ್ಟೆಕಿಚ್ಚಿನಿಂದ ನಂಬಿದ ಹಾಗೆ ಕಂಡಿತು.

ತಿರುಮಕೂಡಲು ನರಸೀಪುರದ ತ್ರಿವೇಣಿ ಸಂಗಮವನ್ನು ಬಳಸಬಹುದೇ ಎಂದು ಕೇಳುವವರಿದ್ದಾರೆ. ಅಲ್ಲಿ ಕಾವೇರಿ, ಕಪಿಲೆಗಳ ಜೊತೆಗೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರುತ್ತದೆ ಎಂಬ ನಂಬಿಕೆಯಿದೆ. ಕಾಣದ ಮೂರನೆಯದು ಎಂದ ಕೂಡಲೇ ಪವಿತ್ರಾತ್ಮರ ನೆನಪು ಬರುವುದು ಸಹಜ. ಆದರೆ ಆ ನದಿಗಳು ಬೇರೆಬೇರೆ ಊರುಗಳಿಂದ ಹೊರಟು ಅಲ್ಲಿ ಭೇಟಿಯಾಗುತ್ತವೆ. ತ್ರಿತ್ವ ಎಲ್ಲೂ ಭೇಟಿಯಾದದ್ದಲ್ಲ.

ಎಲೆ, ಅಡಿಕೆ, ಸುಣ್ಣ

ನಮ್ಮ ಅಜ್ಜಿಯ ಕೊಡುಗೆ ಇದು. ಮೈಸೂರು ವೀಳ್ಯದೆಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಹೋಳಿಟ್ಟು ಮಡಿಚಿ ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತಿಗೆ ತುಟಿ ತೋರಿಸಿ, "ಎಲೆ ಹಸ್ರು, ಸುಣ್ಣ ಬಿಳಿ, ಅಡಿಕೆ ಕಂದು. ಈ ಕೆಂಪು ಎಲ್ಲಿಂದ ಬಂತು ಹೇಳು?" ಎಂದು ಕೇಳುತ್ತಿದ್ದರು. ಮೂರರಲ್ಲಿ ಯಾವುದರಲ್ಲೂ ಇಲ್ಲದ ಒಂದು ಬಣ್ಣ ಮೂರೂ ಸೇರಿದಾಗ ಬರುತ್ತದೆ. ಆ ಒಂದೇ ಬಣ್ಣ ದೇವರು ಎಂಬುದು ಅಜ್ಜಿಯ ವಾದ.

ಇದು ಬಹಳ ಚೆಲುವಾದ ಉದಾಹರಣೆ, ಮತ್ತು ನನ್ನ ಪಟ್ಟಿಯಲ್ಲಿ ಅತ್ಯಂತ ಅಪಾಯಕಾರಿ. ಮೊದಲನೆಯದಾಗಿ, ಕೆಂಪು ಅನ್ನುವುದು ಎಲೆಯೂ ಅಲ್ಲದ, ಅಡಿಕೆಯೂ ಅಲ್ಲದ, ಸುಣ್ಣವೂ ಅಲ್ಲದ ನಾಲ್ಕನೆಯದು. ದೈವತ್ವವನ್ನು ಮೂವರ ಹಿಂದೆ ನಿಂತ ನಾಲ್ಕನೆಯ ವಸ್ತುವೆಂದು ಮಾಡಿದ್ದಾರೆಂದು 12ನೆಯ ಶತಮಾನದಲ್ಲಿ ಫಿಯೋರೆಯ ಜೊವಾಕಿಮ್ ಎಂಬ ಮಠಾಧಿಪತಿ ದೇವಶಾಸ್ತ್ರಿ ಪೀಟರ್ ಲೊಂಬಾರ್ಡ್ ಮೇಲೆ ಆಪಾದಿಸಿದ್ದ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಲೊಂಬಾರ್ಡರ ಪರವಾಗಿ ನಿಂತು, ದೇವರಲ್ಲಿ ತ್ರಿತ್ವವಿದೆ, ಚತುಷ್ಟಯವಿಲ್ಲ ಎಂದು ತೀರ್ಮಾನ ಕೊಟ್ಟಿತು. ಅಜ್ಜಿಯ ಬಾಯಲ್ಲಿದ್ದದ್ದು ಚತುಷ್ಟಯ. ಎರಡನೆಯದಾಗಿ, ಈ ತಾಂಬೂಲದ ಕೆಂಪನ್ನು ನಮ್ಮ ದೇಶದಲ್ಲಿ ಬಹಳ ಹಿಂದೆಯೇ ಒಬ್ಬರು ಬಳಸಿಕೊಂಡಿದ್ದಾರೆ. ಜಡವಸ್ತುಗಳು ಸೇರಿದಾಗ ಚೈತನ್ಯ ತಾನಾಗಿ ಹುಟ್ಟುತ್ತದೆ ಎನ್ನಲು ಚಾರ್ವಾಕರು ಕೊಡುತ್ತಿದ್ದ ದೃಷ್ಟಾಂತ ಅದು. ದೇವರೇ ಇಲ್ಲ ಎನ್ನುವವರ ಉದಾಹರಣೆಯಿಂದ ತ್ರಿಯೇಕ ದೇವರನ್ನು ಸಾಧಿಸಲು ಹೊರಟ ಕ್ರೈಸ್ತಳು ಮೈಸೂರು ಧರ್ಮಪ್ರಾಂತದಲ್ಲಿ ನಮ್ಮ ಅಜ್ಜಿಯೊಬ್ಬರೇ ಇರಬೇಕು. ಅಜ್ಜಿ ಬದುಕಿದ್ದಾಗ ಇದನ್ನು ಹೇಳುವ ಧೈರ್ಯ ನನಗಿರಲಿಲ್ಲ.

ಉಳಿದವು

ತ್ರೀ ಫೇಸ್ ಕರೆಂಟ್: ಮೂರು ತಂತಿ, ಒಂದು ಸರಬರಾಜು. ಮಳವಳ್ಳಿ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗನೊಬ್ಬ, ತಮ್ಮೂರಿನಲ್ಲಿ ತ್ರೀ ಫೇಸ್ ಬರುವುದು ರಾತ್ರಿ ಹೊತ್ತು, "ಹಗಲೊತ್ನಲ್ಲಿ ದೇವ್ರು ಸಿಂಗಲ್ ಫೇಸಾ ಟೀಚರ್?" ಎಂದು ಕೇಳಿದ ಮೇಲೆ ಸ್ಟಾರ್ಟರ್ ಪೆಟ್ಟಿಗೆಯನ್ನು ಭಾವಮೈದುನನಿಗೆ ಹಿಂದಿರುಗಿಸಿದೆ.

ಮೂರೆಲೆ: ಸಂತ ಪ್ಯಾಟ್ರಿಕರು ಐರ್ಲೆಂಡಿನಲ್ಲಿ ಮೂರೆಲೆಯ ಗಿಡವೊಂದನ್ನು ಕಿತ್ತು ತೋರಿಸಿದರೆಂಬುದು ಪ್ರಸಿದ್ಧ ಕತೆ. ಪ್ಯಾಟ್ರಿಕರು ಐದನೆಯ ಶತಮಾನದವರು, ಕತೆ ಬರವಣಿಗೆಯಲ್ಲಿ ಕಾಣಿಸಿಕೊಳ್ಳುವುದು 18ನೆಯ ಶತಮಾನದಲ್ಲಿ. ಆ ಗಿಡ ಬೇಕೆಂದು ಯಾರೂ ಊಟಿಗೆ ಹೋಗಬೇಕಿಲ್ಲ; ಅವರೆ, ತೊಗರಿ, ಹಲಸಂದೆ ಎಲ್ಲದರ ಎಲೆಯೂ ಮೂರು ಕಿರುಎಲೆಗಳಿಂದ ಆದದ್ದೇ, ಜೂನಿನಲ್ಲಿ ಹಲಸಂದೆ ಹೊಲದಲ್ಲೇ ಇರುತ್ತದೆ. ದೋಷ ಬಾಳೆಹಣ್ಣಿನದೇ, ಆದರೆ ಇದು ಅಗ್ಗ.

ಗಣಿತ: ಒಂದು ಕೂಡಿಸು ಒಂದು ಕೂಡಿಸು ಒಂದು ಮೂರಾಗುತ್ತದಲ್ಲ ಎಂದು ಯಾರಾದರೂ ಕೇಳಿದಾಗ, ಗುಣಿಸಿದರೆ ಒಂದೇ ಬರುತ್ತದೆ ಎಂದು ಜಾಣತನದಿಂದ ಉತ್ತರಿಸುವವರಿದ್ದಾರೆ. ನಾಲ್ಕು ಒಂದುಗಳನ್ನು ಗುಣಿಸಿದರೂ ಒಂದೇ ಬರುತ್ತದೆ. ನಾಲ್ಕನೆಯವರು ಯಾರೆಂದು ಅವರು ಕೇಳುವ ಮುನ್ನ ಮಾತು ಬದಲಿಸಿ.

ಕಟ್ಟಡ: ಸಂತ ಫಿಲೋಮಿನಾ ಪ್ರಧಾನಾಲಯದ ಮುಂದೆ ನಿಂತು ಪಾಠ ಮಾಡುವ ಆಸೆ ಬೇಡ. ನಾಲ್ವಡಿಯವರು 1933ರಲ್ಲಿ ಅಡಿಗಲ್ಲು ಹಾಕಿದ ಆ ಭವ್ಯ ಕಟ್ಟಡಕ್ಕೆ ಸುಮಾರು 175 ಅಡಿ ಎತ್ತರದ ಗೋಪುರಗಳು ಇರುವುದು ಎರಡೇ, ಮಕ್ಕಳು ಎಣಿಸುತ್ತಾರೆ.

ನೆರೆಮನೆಯವರು: "ನಮ್ಮ ಬ್ರಹ್ಮ, ವಿಷ್ಣು, ಮಹೇಶ್ವರ ಇದ್ದ ಹಾಗೆ ಅಲ್ವಾ?" ಎಂದು ಪಕ್ಕದ ಮನೆಯ ಆಂಟಿ ಸಂಜೆ ಕಾಫಿ ಕುಡಿಯುತ್ತ ಪ್ರೀತಿಯಿಂದಲೇ ಕೇಳುತ್ತಾರೆ. ಹೌದೆಂದು ತಲೆಯಾಡಿಸಿ ಕಾಫಿ ಮುಗಿಸುವುದು ಸುಲಭ, ಆದರೆ ಅದು ಅವರ ನಂಬಿಕೆಗೂ ನಮ್ಮದಕ್ಕೂ ನ್ಯಾಯವಲ್ಲ. ಸೃಷ್ಟಿ, ಸ್ಥಿತಿ, ಲಯ ಎಂದು ಮೂವರಿಗೆ ಮೂರು ಕಾರ್ಯಗಳನ್ನು ಹೇಳುವ ರೀತಿ ತ್ರಿಮೂರ್ತಿಗಳದು; ನಮ್ಮಲ್ಲಿ ಸೃಷ್ಟಿಯಾಗಲಿ ರಕ್ಷಣೆಯಾಗಲಿ ಮೂವರೂ ಒಂದಾಗಿ ಮಾಡುವ ಒಂದೇ ಕಾರ್ಯ ಎಂದು ಹೇಳಿದರೆ ಸಾಕು. ಆಂಟಿಗೆ ಇದು ಒಂದೇ ಸಲಕ್ಕೆ ಅರ್ಥವಾಯಿತು. ನಮ್ಮ ಪ್ಯಾರಿಷ್ ಕೌನ್ಸಿಲಿನಲ್ಲಿ ಇನ್ನೂ ಇಬ್ಬರಿಗೆ ಆಗಿಲ್ಲ.

ತರಗತಿಯ ದಿನ

ಒಂದೇ ವಸ್ತುವನ್ನು ಒಯ್ಯಿರಿ. ಎರಡು ವಸ್ತುಗಳಿದ್ದರೆ ಒಂದರ ತಪ್ಪನ್ನು ಇನ್ನೊಂದು ಮುಚ್ಚುತ್ತದೆ. ಅದನ್ನು ತೋರಿಸುವ ಮೊದಲು, ಈ ವಸ್ತು ಒಂದು ಸಂಗತಿಯನ್ನಷ್ಟೇ ಹೇಳುತ್ತದೆ ಎಂದು ಆ ಸಂಗತಿಯನ್ನು ಬಾಯಿಬಿಟ್ಟು ಹೇಳಿ: ಬಾಳೆಹಣ್ಣು "ಒಂದರಲ್ಲಿ ಮೂರು" ಎಂಬ ಮಾತು ಹುಚ್ಚುಮಾತಲ್ಲ ಎಂದು ತೋರಿಸುತ್ತದೆ, ನಾಲೆ "ಒಂದೇ ನೀರು" ಎಂಬುದನ್ನು ತೋರಿಸುತ್ತದೆ. ಐದು ನಿಮಿಷಕ್ಕೆ ನಿಲ್ಲಿಸಿ, ಕರಿಹಲಗೆಯ ನಕ್ಷೆಯ ಮುಂದೆ ವಸ್ತುವನ್ನು ಹಿಡಿದು, ಯಾವ ಗೆರೆ ಅಳಿಸಿತೆಂದು ಕೇಳಿ, ಸೀಮೆಸುಣ್ಣ ಮತ್ತು ಡಸ್ಟರನ್ನು ಮಕ್ಕಳ ಕೈಗೆ ಕೊಡಿ. ಗೆರೆ ಅಳಿಸುವುದರಲ್ಲಿ ಅವರಿಗಿರುವ ಉತ್ಸಾಹ ಪಾಠ ಕೇಳುವುದರಲ್ಲಿಲ್ಲ, ಹಾಗಾಗಿ ಅಳಿಸುವುದನ್ನೇ ಪಾಠ ಮಾಡಿಕೊಳ್ಳುವುದು ಲಾಭ. ಸಂತ ಅಗಸ್ಟೀನರು ತ್ರಿತ್ವವನ್ನು ಕುರಿತು 15 ಪುಸ್ತಕಗಳ ಬೃಹದ್ಗ್ರಂಥವನ್ನು ಬರೆದು, ಪ್ರೀತಿಸುವವನು, ಪ್ರೀತಿಪಾತ್ರ, ಪ್ರೀತಿ ಎಂದೂ, ನೆನಪು, ತಿಳಿವು, ಇಚ್ಛೆ ಎಂದೂ ಹೋಲಿಕೆಗಳನ್ನು ಕಟ್ಟಿ, ಕಡೆಯ ಪುಸ್ತಕದಲ್ಲಿ ಅವೆಲ್ಲ ಎಷ್ಟು ಸಾಲದು ಎಂಬುದನ್ನು ತಾವೇ ತೋರಿಸಿಕೊಟ್ಟರು. ಡಸ್ಟರನ್ನು ಅವರೂ ಕೈಯಲ್ಲೇ ಹಿಡಿದಿದ್ದರು ಎಂದಾಯಿತು.

ಕೊನೆಯಲ್ಲಿ ವಸ್ತುವನ್ನು ಚೀಲಕ್ಕೆ ಹಾಕಿ, ಎಲ್ಲರಿಂದ ನಿಧಾನವಾಗಿ ಶಿಲುಬೆಯ ಗುರುತು ಹಾಕಿಸಿ. ಹಣೆ, ಎದೆ, ಎರಡು ಭುಜ. ಪಿತನ, ಸುತನ, ಪವಿತ್ರಾತ್ಮರ ಎಂದು ಮೂವರ ಹೆಸರು ಹೇಳಿದ ಮೇಲೆ ನಾವು "ನಾಮಗಳಲ್ಲಿ" ಎನ್ನುವುದಿಲ್ಲ, "ನಾಮದಲ್ಲಿ" ಎನ್ನುತ್ತೇವೆ. ಮತ್ತಾಯನ ಶುಭಸಂದೇಶ 28ನೆಯ ಅಧ್ಯಾಯದ 19ನೆಯ ವಚನದ ಗ್ರೀಕ್ ಮೂಲದಲ್ಲೂ ಅದು ಏಕವಚನವೇ. ಕನ್ನಡ ಮೇಷ್ಟ್ರು ನೋಡಿದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಬಹುದಾದ ಈ ಒಂದು ಏಕವಚನವನ್ನು ಮಕ್ಕಳು ದಿನಾ ತಪ್ಪಿಲ್ಲದೆ ಹೇಳುತ್ತಿದ್ದರು, ಗಮನಿಸಿರಲಿಲ್ಲ ಅಷ್ಟೆ. ಕಳೆದ ವರ್ಷ ಇದನ್ನು ತೋರಿಸಿಕೊಟ್ಟಾಗ ತರಗತಿ ಒಂದು ಗಳಿಗೆ ಸುಮ್ಮನಾಯಿತು. ಹಿಂದೆ ಡಾಲ್ಡಾದ ಮಾತೆತ್ತಿದ್ದ ಹುಡುಗಿಯ ತಂಗಿ ಮೂರು ಬೆರಳುಗಳನ್ನು ಎಣಿಸಿ, "ನಾಮದಲ್ಲಿ" ಎನ್ನುವಾಗ ಮುಷ್ಟಿ ಮುಚ್ಚಿ, ಮತ್ತೆ ತೆರೆದು ನೋಡಿಕೊಂಡಳು.

ಮೈಸೂರು ಪಾಕನ್ನು ಈಗಲೂ ಒಯ್ಯುತ್ತೇನೆ, ಪಾಠ ಮುಗಿದ ಮೇಲೆ ಹಂಚುವುದಕ್ಕೆ. ಅಂದು ಪಾಕ್ ತಿನ್ನುತ್ತ ಹೊರಟ ಹುಡುಗನೊಬ್ಬ ಬಾಗಿಲಲ್ಲಿ ತಿರುಗಿ ನಿಂತು, "ಟೀಚರ್, ಮುಂದಿನ್ವಾರ ಏನ್ ತರ್ತೀರಾ?" ಎಂದು ಕೇಳಿದ. ಮುಂದಿನ ಭಾನುವಾರ ಪರಮಪ್ರಸಾದದ, ಅಂದರೆ ಪೂಜೆಯಲ್ಲಿ ಕ್ರಿಸ್ತನ ಶರೀರವೆಂದು ಸ್ವೀಕರಿಸುವ ರೊಟ್ಟಿಯ, ಹಬ್ಬ. ಆ ಪಾಠಕ್ಕೆ ಮನೆಯಿಂದ ಏನನ್ನೂ ತರುವುದಿಲ್ಲವೆಂದು ಅವನಿಗೆ ಸ್ಪಷ್ಟವಾಗಿ ಹೇಳಿದೆ.

"ತಿನ್ನೋಕೂ ಇಲ್ವಾ?" ಎಂದ.